ಬಸ್ಸಿನಿಂದ ಇಳಿಯುವಾಗ ‘ಬರ್ತೇವೆ’ ಎನ್ನಬೇಕು

ನಾನು ನಿವೃತ್ತಳಾದ ದಿನ ಶಾಲೆಯಲ್ಲಿ ನನಗೆ ಒಂದು ಶಾಲು, ಒಂದು ಹಾರ, ಒಂದು ಹಣ್ಣಿನ ಬುಟ್ಟಿ ಮತ್ತು ಬೇಕಾದಷ್ಟು ಭಾಷಣ ಸಿಕ್ಕಿತು. ನಾನು ‘ಮಕ್ಕಳಲ್ಲಿ ಶಿಸ್ತು, ಸಭ್ಯತೆಗಳನ್ನು ಬಿತ್ತಿದ ಮಹಾತಾಯಿ’ ಎಂದು ಆ ದಿನವೇ ನನಗೆ ಗೊತ್ತಾದದ್ದು. ಈ ಮಾತನ್ನು ಮೈಕಿನಲ್ಲಿ ಹೇಳುತ್ತಿದ್ದಾಗ ವೇದಿಕೆಯ ಮೇಲಿದ್ದ ಇಬ್ಬರು ಗಣ್ಯರು ಮೊಬೈಲಿನಲ್ಲಿ ಮುಳುಗಿದ್ದರು, ಒಬ್ಬರು ಬಾಯಿಗೆ ಕೈ ಅಡ್ಡ ಇಡದೆ ಆಕಳಿಸುತ್ತಿದ್ದರು. ಮಕ್ಕಳು ಮಾತ್ರ ಕೆಳಗೆ ಬಿಸಿಲಿನಲ್ಲಿ ಕೈಕಟ್ಟಿ ಸಾಲಾಗಿ ಕೂತಿದ್ದರು. ನಾಲ್ಕು ಜನರ ನಡುವೆ ಹೇಗಿರಬೇಕೆಂಬ ಪಾಠ ಯಾರಿಗೆ ಬೇಕಾಗಿತ್ತು ಎಂಬ ಸಂಶಯ ನನಗೆ ಅಂದಿನವರೆಗೂ ಇತ್ತು, ಅಂದು ಅದು ತೀರಿತು.

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಈಗಲೂ ಸಿಕ್ಕಿದಲ್ಲಿ ಕೇಳುತ್ತಾರೆ, ಬಸ್ಸಿನಲ್ಲಿ, ಹೋಟೆಲಿನಲ್ಲಿ, ಸಭೆಯಲ್ಲಿ ಮಕ್ಕಳು ಸಭ್ಯವಾಗಿರುವಂತೆ ಕಲಿಸುವುದು ಹೇಗೆ ಅಂತ. ಅವರಿಗೆ ಇದಕ್ಕೆಂದೇ ತರಬೇತಿ ಉಂಟು, ಚಾರ್ಟು ಉಂಟು, ಗೋಡೆಗೆ ಬೆಳಕು ಬಿಟ್ಟು ತೋರಿಸುವ ಚಿತ್ರಗಳುಂಟು. ನಮಗೆ ಇದ್ದದ್ದು ಒಂದು ಬೆತ್ತ. ಅದನ್ನೂ ನಡುವಿನಲ್ಲಿ ಸರಕಾರ ಕಿತ್ತುಕೊಂಡಿತು, ಒಳ್ಳೆಯದೇ ಆಯಿತು. ಬೆತ್ತದಿಂದ ಸಭ್ಯತೆ ಬರುವುದಾಗಿದ್ದರೆ ನಮ್ಮ ತಲೆಮಾರಿನವರು ಇಷ್ಟೊತ್ತಿಗೆ ಸಂತರಾಗಿರಬೇಕಿತ್ತು.

ಕಲಿಸುವುದು ಹೇಗೆಂದು ನನಗೂ ಗೊತ್ತಿಲ್ಲ. ನನ್ನ ಇಡೀ ನೌಕರಿಯ ಸಾಧನೆ ಎಂದರೆ ಒಂದು ಬಸ್ಸು ನಿಂತದ್ದು. ಅದನ್ನು ನಿಲ್ಲಿಸಿದ್ದು ನಾನು ಕಲಿಸಿದ ಪಾಠ ಅಲ್ಲ, ನಾನು ಹೇಳಿಕೊಡದೆ ಬಿಟ್ಟ ಒಂದು ಸಂಗತಿ. ಆ ಕಥೆಗೆ ಬರುವ ಮೊದಲು ಎರಡು ಸಣ್ಣ ಸೋಲುಗಳನ್ನು ಹೇಳಿಬಿಡುತ್ತೇನೆ. ಬಡ್ತಿಗಳ ವಿಷಯ ಹೇಳುವುದಿಲ್ಲ. ಅವು ನನಗೆ ಸಿಕ್ಕಿದ್ದು ತಡವಾಗಿ, ನಿಮಗೆ ಆಕಳಿಕೆ ಬರುವುದು ಬೇಗ.

ನನ್ನ ಮೊದಲ ಶಾಲೆ ಬೆಳ್ತಂಗಡಿ ತಾಲೂಕಿನಲ್ಲಿ, ಕಕ್ಕಿಂಜೆಯಿಂದ ಸ್ವಲ್ಪ ಒಳಗೆ. ಒಂದು ದಿನ ತಪಾಸಣೆಗೆ ಅಧಿಕಾರಿ ಬಂದರು. ಬಾಯಿ ತುಂಬ ಎಲೆಯಡಿಕೆ. ಮಾತಾಡಬೇಕಾದರೆ ಗದ್ದವನ್ನು ಆಕಾಶಕ್ಕೆ ಎತ್ತಿ ಮಾತಾಡಬೇಕು, ಇಲ್ಲದಿದ್ದರೆ ಶರ್ಟು ಕೆಂಪು. ಆ ಸ್ಥಿತಿಯಲ್ಲಿಯೇ ಮೂರನೇ ತರಗತಿಯ ಹುಡುಗಿಯನ್ನು ಎಬ್ಬಿಸಿ ಕೇಳಿದರು, “ಸಾರ್ವಜನಿಕ ಸ್ಥಳ ಅಂದರೆ ಏನಮ್ಮಾ?”

ಅವಳು ಸ್ವಲ್ಪವೂ ತಡೆಯದೆ ಹೇಳಿದಳು, “ಉಗುಳಬಾರದು ಅಂತ ಬೋರ್ಡು ಇರುವ ಜಾಗ ಸರ್.”

“ಬೋರ್ಡು ಇಲ್ಲದಿದ್ದರೆ?”

“ಅಲ್ಲಿ ಉಗುಳಬಹುದು ಸರ್.”

ಅಧಿಕಾರಿ ನನ್ನನ್ನು ದುರುಗುಟ್ಟಿ ನೋಡಿದರು. ಬೈಯಲು ಬಾಯಿ ಖಾಲಿ ಇರಲಿಲ್ಲ. ಜಗಲಿಗೆ ಹೋದರು, ಎಡಗಡೆ ಗೋಡೆ ನೋಡಿದರು, ಬಲಗಡೆ ಗೋಡೆ ನೋಡಿದರು. ಬೋರ್ಡು ಇರಲಿಲ್ಲ. ಪಾಠ ಮಕ್ಕಳಿಗೆ ಮಾತ್ರವಲ್ಲ, ಇಲಾಖೆಗೂ ಚೆನ್ನಾಗಿ ಅರ್ಥವಾಗಿದೆ ಎಂದು ನನಗೆ ಸಮಾಧಾನವಾಯಿತು.

ಆಮೇಲೆ ಬಂಟ್ವಾಳ ತಾಲೂಕಿಗೆ ವರ್ಗವಾಯಿತು, ಕನ್ಯಾನದ ಹತ್ತಿರ. ಅಲ್ಲಿನ ಮಕ್ಕಳು ಮನೆಯಲ್ಲಿ ತುಳು, ಬ್ಯಾರಿ, ಮಲಯಾಳ, ಕೊಂಕಣಿ ಹೀಗೆ ಯಾವುದಾದರೊಂದನ್ನು ಮಾತಾಡಿ, ಶಾಲೆಯ ಗೇಟಿನ ಒಳಗೆ ಬಂದ ಕೂಡಲೇ ಕನ್ನಡದ ಸಮವಸ್ತ್ರ ಹಾಕಿಕೊಳ್ಳುತ್ತಿದ್ದರು. ಹೋಟೆಲಿನಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ತೋರಿಸಲು ಅವರನ್ನು ವಿಟ್ಲಕ್ಕೆ ಕರೆದುಕೊಂಡು ಹೋದೆ. ಹೋಟೆಲು ಅದ್ರಾಮಾಕನದ್ದು. ಗಲ್ಫಿನಲ್ಲಿ ಕೆಲವು ವರ್ಷ ಅಡುಗೆ ಮಾಡಿ ಬಂದ ಮನುಷ್ಯ, ಬನ್ಸ್ ಮಾಡಿದರೆ ಊರೇ ಸಾಲು ನಿಲ್ಲಬೇಕು. ನನ್ನ ಮಕ್ಕಳು ಕಲಿಸಿದ ಹಾಗೆ ಬೆನ್ನು ನೇರ ಮಾಡಿ ಕೂತು, ಎಲ್ಲರೂ ಒಟ್ಟಿಗೆ, “ದಯವಿಟ್ಟು ಒಂದು ಲೋಟ ನೀರು ಕೊಡುವಿರಾ?” ಎಂದರು.

ಸಪ್ಲಾಯರ್ ನೀರಿನ ಜಗ್ಗು ಹಿಡಿದುಕೊಂಡೇ ಗಲ್ಲಾದ ಕಡೆಗೆ ಓಡಿದ. “ಅದ್ರಾಮಾಕ, ಯಕ್ಷಗಾನದ ಮೇಳದವರು ಬಂದಿದ್ದಾರೆ!”

ಅದ್ರಾಮಾಕ ಬಂದು ಮಕ್ಕಳನ್ನೆಲ್ಲ ನೋಡಿ, ನನ್ನನ್ನೂ ನೋಡಿ, ಬಹಳ ಮರ್ಯಾದೆಯಿಂದ ಹೇಳಿದರು, “ಟೀಚರ್, ಮಕ್ಕಳು ಹಸಿದಿದ್ದಾರೆ. ಹಸಿದವರು ಹಾಗೆಲ್ಲ ಮಾತಾಡುವುದಿಲ್ಲ. ‘ಅಣ್ಣ, ನೀರು’ ಅಂತ ಹೇಳಿದರೆ ಸಾಕು. ‘ಅಣ್ಣ’ ಅಂದಮೇಲೆ ದಯವಿಟ್ಟು ಎಂತಕ್ಕೆ?”

ನನಗೆ ಅವಮಾನವಾಯಿತು. ಬನ್ಸ್ ಮಾತ್ರ ಚೆನ್ನಾಗಿತ್ತು. ಆ ಮಾತಿನ ಬೆಲೆ ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಕೊನೆಗೆ ನಾನು ಬಂದು ಸೇರಿದ್ದು ಒಂದು ಹೈಸ್ಕೂಲಿಗೆ, ಸಿದ್ದಕಟ್ಟೆಯಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ. ಶಾಲೆಯ ಎದುರು ಒಂದು ಗೋಳಿಮರ, ಅದರ ಕೆಳಗೆ ಒಂದು ಚಹಾದಂಗಡಿ. ಮರದ ಕೆಳಗೆ ಬಸ್ಸು ನಿಲ್ಲುತ್ತದೆ ಎಂದು ನಾವು ತಿಳಿದುಕೊಂಡಿದ್ದೆವು. ಬಸ್ಸಿನವರು ಹಾಗೆ ತಿಳಿದುಕೊಂಡಿರಲಿಲ್ಲ. ಹೆಂಗಸರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣ ಎಂದು ಪೇಪರಿನಲ್ಲಿ ಬಂದಾಗ ನಾವು ಬಹಳ ಖುಷಿಪಟ್ಟೆವು. ಆದರೆ ಅದು ಸರಕಾರಿ ಬಸ್ಸಿಗೆ. ಸಂಜೆ ಹೊತ್ತು ನಮ್ಮ ದಾರಿಯಲ್ಲಿ ಸರಕಾರಿ ಬಸ್ಸೇ ಇಲ್ಲದ್ದರಿಂದ ಆ ಯೋಗವನ್ನು ಪೇಪರಿನಲ್ಲಿಯೇ ಓದಿ ಅನುಭವಿಸಿದೆವು. ಶಾಲೆ ಬಿಡುವ ಹೊತ್ತಿಗೆ ಬರುತ್ತಿದ್ದದ್ದು ಒಂದೇ ಖಾಸಗಿ ಬಸ್ಸು. ಅದರ ಕಂಡಕ್ಟರ್ ಲೋಕಣ್ಣ.

ಲೋಕಣ್ಣ ಕೆಟ್ಟ ಮನುಷ್ಯನಲ್ಲ. ಆದರೆ ಪಾಸಿನ ಮಕ್ಕಳು ಎಂದರೆ ಅವನಿಗೆ ಚಪ್ಪಲಿಯೊಳಗೆ ಸಿಕ್ಕಿದ ಕಲ್ಲು. ಅದಕ್ಕೆ ಕಾರಣವೂ ಉಂಟು. ನಮ್ಮ ಮಕ್ಕಳು ಬಸ್ಸು ಹತ್ತುವುದನ್ನು ನೋಡಿದರೆ ಒಳಗಿನವರು ಇಳಿದು ಓಡಬೇಕು. ಬ್ಯಾಗು ಅಜ್ಜಂದಿರ ಮುಖಕ್ಕೆ ಹೊಡೆಯುತ್ತಿತ್ತು, ಕೊಡೆಯ ನೀರು ಅಜ್ಜಿಯಂದಿರ ಮಡಿಲಿಗೆ ಸುರಿಯುತ್ತಿತ್ತು. ಇಷ್ಟನ್ನೆಲ್ಲ ಅವನು ಸಹಿಸಿದ್ದ. ಒಂದು ದಿನ ಗೋಳಿಮರದ ಕೆಳಗೆ ಬಸ್ಸು ನಿಲ್ಲಿಸಿ ಚಹಾ ಕುಡಿಯಲು ಇಳಿದಾಗ ಒಂಬತ್ತನೆಯ ತರಗತಿಯ ಪ್ರಜ್ವಲ್ ಎಂಬ ಮಹಾನುಭಾವ ಬಾಯಿಯಲ್ಲಿ ಎರಡು ಬೆರಳಿಟ್ಟು, ಥೇಟ್ ಲೋಕಣ್ಣನ ಹಾಗೆಯೇ ಸೀಟಿ ಹೊಡೆದು “ರೈಟ್, ಪೋಯಿ!” ಎಂದ. ಡ್ರೈವರು ಹಿಂದೆ ತಿರುಗಿ ನೋಡುವ ಅಭ್ಯಾಸದವರಲ್ಲ. ಬಸ್ಸು ಹೋಯಿತು. ಲೋಕಣ್ಣ ಒಂದು ಕೈಯಲ್ಲಿ ಗ್ಲಾಸು, ಹೆಗಲಲ್ಲಿ ಚೀಲ ಹಾಕಿಕೊಂಡು ರಸ್ತೆಯ ನಡುವೆ ಓಡುವುದನ್ನು ನಾನು ಸ್ಟಾಫ್ ರೂಮಿನ ಕಿಟಕಿಯಿಂದಲೇ ನೋಡಿದೆ. ರಿಕ್ಷಾ ಹಿಡಿದು ತನ್ನ ಬಸ್ಸನ್ನು ತಾನೇ ಅಟ್ಟಿಸಿಕೊಂಡು ಹೋದ ಕಂಡಕ್ಟರ್ ಈ ಭಾಗದಲ್ಲಿ ಅವನೊಬ್ಬನೇ ಇರಬೇಕು.

ಮರುದಿನದಿಂದ ಬಸ್ಸು ನಿಲ್ಲಲಿಲ್ಲ. ಮಕ್ಕಳು ಕೈ ಅಡ್ಡ ಹಿಡಿದರು, ಡ್ರೈವರು ಕೈ ಬೀಸಿ ಹೋದರು.

ಇದು ತಮಾಷೆಯ ಮಾತಾಗಿ ಉಳಿಯಲಿಲ್ಲ. ಹತ್ತಿರದ ಮಕ್ಕಳು ನಡೆದು ಹೋದರು. ದೂರದವರಲ್ಲಿ ಚೈತ್ರಾ ಎಂಬ ಹುಡುಗಿ ಇದ್ದಳು, ಪ್ರಜ್ವಲನ ಕ್ಲಾಸಿನವಳೇ, ಗಣಿತದಲ್ಲಿ ಅವಳನ್ನು ಮೀರಿಸುವವರಿಲ್ಲ. ಅವಳ ತಾಯಿ ಶಾಲೆಗೆ ಬಂದು ನನ್ನೆದುರು ನಿಂತರು. “ಕತ್ತಲೆಯಾಗುವಾಗ ಮನೆ ಮುಟ್ಟುತ್ತಾಳೆ ಟೀಚರ್. ಆ ಗುಡ್ಡೆಯ ದಾರಿ ನಿಮಗೆ ಗೊತ್ತುಂಟಲ್ಲ. ಬಸ್ಸು ನಿಲ್ಲುವುದಿಲ್ಲ ಅಂತ ಆದರೆ ನಾನು ಕಳಿಸುವುದಿಲ್ಲ. ಮನೆಯಲ್ಲಿ ಬೀಡಿ ಕಟ್ಟಲಿ.” ಆ ಹೆಂಗಸಿಗೆ ಸಿಟ್ಟು ಇರಲಿಲ್ಲ, ಹೆದರಿಕೆ ಇತ್ತು. ಯಾರೋ ಸೀಟಿ ಹೊಡೆದದ್ದಕ್ಕೆ ಒಂದು ಹುಡುಗಿಯ ಓದು ನಿಲ್ಲುವುದೆಂದರೆ!

ಹೆಡ್ ಮಾಷ್ಟ್ರ ಹತ್ತಿರ ಹೋಗಿ ಹೇಳಿದೆ. ಅವರು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿ ಪರಿಹಾರ ಹೇಳಿದರು, “ಶಿಷ್ಟಾಚಾರ ಸಪ್ತಾಹ ಮಾಡುವ.”

ಮಾಡಿದೆವು. ‘ಸಾರ್ವಜನಿಕ ಸ್ಥಳಗಳಲ್ಲಿ ಶಿಷ್ಟಾಚಾರ’ ಎಂದು ಫ್ಲೆಕ್ಸ್ ಹಾಕಿದೆವು. ಅದರಲ್ಲಿ ಅತಿಥಿಗಳ ಫೋಟೋ ಬಾಗಿಲಿನಷ್ಟು, ವಿಷಯ ಇರುವೆಯಷ್ಟು. ಸಮಯಪಾಲನೆಯ ಬಗ್ಗೆ ಮಾತಾಡಬೇಕಾದವರು ಮಧ್ಯಾಹ್ನದ ಊಟಕ್ಕೆ ಸರಿಯಾಗಿ ಬಂದರು. ಇನ್ನೊಬ್ಬರು ಮೊಬೈಲ್ ಶಿಷ್ಟಾಚಾರದ ಬಗ್ಗೆ ಮಾತಾಡುತ್ತಿದ್ದಾಗ ಅವರ ಜೇಬಿನಿಂದ ಭಕ್ತಿಗೀತೆ ಕೇಳಿತು, ಅವರು ಮೈಕಿನಲ್ಲಿಯೇ “ಹಾಂ, ಒಂದು ಪ್ರೋಗ್ರಾಮಿನಲ್ಲಿ ಇದ್ದೇನೆ, ಹೇಳಿ” ಎಂದರು. ಸಪ್ತಾಹ ಯಶಸ್ವಿಯಾಗಿ ಮುಗಿಯಿತು. ಬಸ್ಸು ನಿಲ್ಲಲಿಲ್ಲ.

ಆಮೇಲೆ ನಾನೇ ರಸ್ತೆಗೆ ಇಳಿದೆ. ಬಸ್ಸು ಬರುವಾಗ ನಡುರಸ್ತೆಯಲ್ಲಿ ಕೊಡೆ ಬಿಚ್ಚಿ ನಿಂತೆ. ಸಾರ್ವಜನಿಕ ಸ್ಥಳದಲ್ಲಿ ಹಾಗೆ ನಿಲ್ಲಬಾರದು ಎಂದು ನಾನೇ ಪಾಠ ಮಾಡಿದ್ದೆ. ಡ್ರೈವರಿಗೆ ಬೇರೆ ದಾರಿ ಇರಲಿಲ್ಲ.

“ಎಂತ ಟೀಚರ್, ಸಾಯ್ಲಿಕ್ಕೆ ನಮ್ಮ ಬಸ್ಸೇ ಬೇಕಾ ನಿಮಗೆ?” ಎಂದ ಲೋಕಣ್ಣ.

“ಒಂದು ವಾರ ನೋಡು ಲೋಕಣ್ಣ. ಮಕ್ಕಳು ಬದಲಾಗಿದ್ದಾರೆ” ಎಂದೆ.

ನಿಜವಾಗಿಯೂ ಅವರು ಬದಲಾಗಿದ್ದರು, ನಾನು ಬದಲಾಯಿಸಿದ್ದೆ. ಹತ್ತುವಾಗ ಸಾಲು, ಬ್ಯಾಗು ಕಾಲಿನ ಹತ್ತಿರ, ಮುದುಕರಿಗೆ ಸೀಟು. ಇಳಿಯುವಾಗ ಎಲ್ಲರೂ ಒಟ್ಟಿಗೆ, “ಧನ್ಯವಾದಗಳು!” ಮುಂದಾಳು ಪ್ರಜ್ವಲ್, ಏಕೆಂದರೆ ಆ ಗಂಟಲಿಗೆ ಏನಾದರೂ ಕೆಲಸ ಕೊಡದಿದ್ದರೆ ಅದು ತಾನೇ ಹುಡುಕಿಕೊಳ್ಳುತ್ತದೆ.

ವಾರ ಮುಗಿಯುವ ಮೊದಲೇ ಲೋಕಣ್ಣ ಮುಖ ಊದಿಸಿಕೊಂಡು ನನ್ನ ಹತ್ತಿರ ಬಂದ. “ಟೀಚರ್, ಮಕ್ಕಳು ನನ್ನನ್ನು ತಮಾಷೆ ಮಾಡುವುದಾ?”

“ಯಾಕೆ? ಧನ್ಯವಾದ ಹೇಳ್ತಾರಲ್ಲ?”

“ಅದೇ ಹೇಳುವುದು ನಾನು. ಧನ್ಯವಾದ ಅಂತ ಹೇಳುವುದು ಭಾಷಣ ಮುಗಿಸುವಾಗ. ನಾನೇನು ಅಧ್ಯಕ್ಷನಾ? ಬಸ್ಸಿನವರೆಲ್ಲ ನನ್ನ ಮುಖ ನೋಡಿ ನಗ್ತಾರೆ ಮಾರಾಯ್ರೆ. ನಿನ್ನೆ ಒಬ್ಬರು ಚಪ್ಪಾಳೆ ತಟ್ಟಿದರು!”

ಆಗ ನನಗೆ ಅದ್ರಾಮಾಕ ನೆನಪಾದರು. ತುಳುವಿನಲ್ಲಿ ನಮ್ಮ ಅಜ್ಜಿ ಯಾರಿಗೂ ಥ್ಯಾಂಕ್ಸ್ ಹೇಳಿದ್ದನ್ನು ನಾನು ಕೇಳಿಲ್ಲ. ಹಾಗೆಂದು ಅವಳು ಅಸಭ್ಯಳಾಗಿರಲಿಲ್ಲ. ಎಲ್ಲಿಂದ ಹೊರಟರೂ ‘ಹೋಗುತ್ತೇನೆ’ ಎನ್ನುತ್ತಿರಲಿಲ್ಲ, ‘ಬರ್ತೇನೆ’ ಎನ್ನುತ್ತಿದ್ದಳು. ಉಪಕಾರ ಸ್ಮರಣೆ, ಪ್ರೀತಿ, ನಾಳೆ ಮತ್ತೆ ತೊಂದರೆ ಕೊಡುವ ಮುನ್ಸೂಚನೆ, ಎಲ್ಲವೂ ಅದರಲ್ಲೇ ಬಂತು. ಮರುದಿನ ಕ್ಲಾಸಿನಲ್ಲಿ ಧನ್ಯವಾದವನ್ನು ಅಳಿಸಿಹಾಕಿ ಹೊಸ ನಿಯಮ ಮಾಡಿದೆ. ಬಸ್ಸಿರಲಿ, ಅಂಗಡಿಯಿರಲಿ, ಯಾರ ಮನೆಯೇ ಇರಲಿ, ಹೊರಡುವಾಗ ತಿರುಗಿ ನಿಂತು, ಮುಖ ನೋಡಿ, ‘ಬರ್ತೇವೆ’ ಎನ್ನಬೇಕು. ಹೇಳದೆ ಹೋಗುವವನು ಕಳ್ಳ.

“ಬರ್ತೇವೆ ಲೋಕಣ್ಣ!” ಎಂದು ಮಕ್ಕಳು ಕೂಗಿದಾಗ ಮೊದಲ ದಿನ ಅವನು “ಬರಬೇಡಿ ಮಾರಾಯ್ರೆ!” ಎಂದ. ಆದರೆ ಮುಖದಲ್ಲಿ ನಗು ಇತ್ತು. ಬಸ್ಸು ನಿಲ್ಲತೊಡಗಿತು. ದಿನಾ ಅಲ್ಲ, ಅವನ ಮನಸ್ಸು ಬಂದ ದಿನ. ಚೈತ್ರಾ ಶಾಲೆಗೆ ಬರುತ್ತಿದ್ದಳು. ಅವಳ ತಾಯಿ ಮಾತ್ರ ಇನ್ನೂ ನಂಬಿರಲಿಲ್ಲ. “ಪರೀಕ್ಷೆವರೆಗೆ ನೋಡ್ತೇನೆ ಟೀಚರ್” ಎಂದಿದ್ದರು.

ಅಷ್ಟರಲ್ಲಿ ಲೋಕಣ್ಣನ ತಂದೆ ತೀರಿಕೊಂಡರು. ಅವನು ರಜೆ ಹಾಕಿದ. ಬದಲಿಗೆ ಬಂದ ಹುಡುಗ ಕಂಡಕ್ಟರಿಗೆ ನಮ್ಮ ಗೋಳಿಮರ ಕಾಣಿಸುತ್ತಲೇ ಇರಲಿಲ್ಲ. ಮಕ್ಕಳು ಮತ್ತೆ ನಡೆಯತೊಡಗಿದರು.

“ಅವರ ಮನೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ ಟೀಚರ್” ಎಂದರು ಹೆಡ್ ಮಾಷ್ಟ್ರು. “ಸಂಬಂಧ ಗಟ್ಟಿಯಾಗ್ತದೆ. ಒಂದು ಫೋಟೋನೂ ತೆಗೀರಿ.” ಫೋಟೋದ ವಿಷಯ ಕೇಳಿಸದವಳ ಹಾಗೆ ನಾನು ಎದ್ದು ಬಂದೆ. ಆದರೆ ಹೋಗುವುದು ಸರಿ ಎನಿಸಿತು. ದಿನಾ ಸಿಗುವ ಮನುಷ್ಯನ ಅಪ್ಪ ಸತ್ತರೆ ಹೋಗುವುದು ಶಿಷ್ಟಾಚಾರವಲ್ಲ, ಮನುಷ್ಯತ್ವ ಅಷ್ಟೆ.

ಹೊರಡುವ ಮೊದಲು ಮಕ್ಕಳಿಗೆ ಎಲ್ಲ ಹೇಳಿಕೊಟ್ಟೆ. ಚಪ್ಪಲಿ ಅಂಗಳದಾಚೆ. ನಗಬಾರದು, ಪಿಸುಗುಟ್ಟಬಾರದು, ನೀರು ಕೇಳಬಾರದು, ಮೊಬೈಲ್ ತೆಗೆದರೆ ಅದನ್ನು ಗೋಳಿಮರಕ್ಕೆ ಕಟ್ಟುತ್ತೇನೆ. ಮಕ್ಕಳು ಒಂದನ್ನೂ ಮರೆಯಲಿಲ್ಲ. ಲೋಕಣ್ಣನ ಮನೆಯ ಜಗಲಿಯಲ್ಲಿ ಅವರು ಕೂತ ರೀತಿ ನೋಡಿ ನೆಂಟರೆಲ್ಲ ತಲೆದೂಗಿದರು. ಲೋಕಣ್ಣ ಗಡ್ಡ ಬಿಟ್ಟು ಮೂಲೆಯಲ್ಲಿ ಕೂತಿದ್ದ. ಅವನ ತಾಯಿ ಕಮಲಕ್ಕ ಒಳಬಾಗಿಲಿನ ಹತ್ತಿರ ಗೋಡೆಗೆ ಒರಗಿದ್ದರು, ಬಂದವರು ಹೋದವರು ಯಾರ ಕಡೆಗೂ ಅವರ ಗಮನ ಇದ್ದ ಹಾಗೆ ಕಾಣಲಿಲ್ಲ. ನಾನು ಒಳಗೊಳಗೆ ಉಬ್ಬಿದೆ. ಹೊರಡುವ ಹೊತ್ತಾಯಿತು. ಕಣ್ಣಲ್ಲೇ ಸನ್ನೆ ಮಾಡಿ ಎದ್ದೆ.

ಮಕ್ಕಳು ಅಂಗಳಕ್ಕೆ ಇಳಿದರು. ತಿರುಗಿ ನಿಂತರು. ಮುಖ ನೋಡಿದರು. ಪ್ರಜ್ವಲ್ ಶುರು ಮಾಡಿದ, ಎಲ್ಲರೂ ಒಂದೇ ಕಂಠದಲ್ಲಿ ದನಿಗೂಡಿಸಿದರು.

“ಬರ್ತೇವೆ!”

ನಮ್ಮ ಕಡೆ ಸಾವಿನ ಮನೆಯಿಂದ ಹೊರಡುವಾಗ ‘ಬರ್ತೇನೆ’ ಎನ್ನುವುದಿಲ್ಲ. ಹಾಗೆ ಹೇಳಿದರೆ ಇನ್ನೊಂದು ಸಾವಿಗೆ ಬರ್ತೇನೆ ಎಂದು ಅರ್ಥ. ಅಲ್ಲಿಂದ ಏನೂ ಹೇಳದೆ, ತಿರುಗಿ ನೋಡದೆ ಎದ್ದು ಹೋಗಬೇಕು. ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಸಂಗತಿ ಎಂದು ನಾನು ಹೇಳಿಕೊಟ್ಟಿರಲಿಲ್ಲ. ಮಕ್ಕಳಿಗೆ ಬಹುಶಃ ಗೊತ್ತೂ ಇತ್ತು. ಆದರೆ ಟೀಚರ್ ‘ಯಾರ ಮನೆಯೇ ಇರಲಿ’ ಎಂದಿದ್ದರಲ್ಲ!

ಒಬ್ಬ ಹಿರಿಯರು ಎದ್ದು ನಿಂತು, “ಎಂಥ ಮಕ್ಕಳು ಇವು! ಇವಕ್ಕೆ ಬುದ್ಧಿ ಕಲಿಸಿದವರು ಯಾರು?” ಎಂದರು. ನಾನು ಅವರ ತೆಂಗಿನಮರದಲ್ಲಿ ಕಾಯಿ ಎಷ್ಟುಂಟು ಎಂದು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಲೋಕಣ್ಣ ತಲೆ ಎತ್ತಲಿಲ್ಲ. ದಾರಿಯುದ್ದಕ್ಕೂ ಚೈತ್ರಾ ಅಳುತ್ತಿದ್ದಳು. “ಇನ್ನು ಬಸ್ಸು ನಿಲ್ಲುವುದಿಲ್ಲ ಅಲ್ವಾ ಟೀಚರ್?” ಎಂದು ಕೇಳಿದಳು.

ಮರುದಿನ ಹೊಸ ನಿಯಮ ಮಾಡಿದೆ. ‘ಬರ್ತೇವೆ’ ಬಂದ್. ಎಲ್ಲಿಯೂ ಏನೂ ಹೇಳಬೇಡಿ, ಬಾಯಿ ಮುಚ್ಚಿ ಹೋಗಿ, ಬಾಯಿ ಮುಚ್ಚಿ ಬನ್ನಿ. ಶಿಕ್ಷಣ ಪದ್ಧತಿ ಬೆತ್ತದ ಕಾಲಕ್ಕೆ ವಾಪಸು ಬಂದದ್ದು ಹೀಗೆ.

ಬೊಜ್ಜ, ಎಂದರೆ ಉತ್ತರಕ್ರಿಯೆ, ಮುಗಿದು ಲೋಕಣ್ಣ ಕೆಲಸಕ್ಕೆ ಬಂದ ದಿನ ನಾನು ಮಕ್ಕಳ ಜೊತೆ ಗೋಳಿಮರದ ಕೆಳಗೆ ನಿಂತಿದ್ದೆ. ಬಸ್ಸು ಬಂತು. ನಮ್ಮನ್ನು ದಾಟಿ ಹೋಯಿತು. ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಸೀಟಿ ಕೇಳಿತು, ನಿಜವಾದ ಸೀಟಿ. ಬಸ್ಸು ಮುಂದೆ ಹೋಗಿ ನಿಂತಿತು. ಬೋಳಿಸಿದ ತಲೆಯ ಲೋಕಣ್ಣ ಇಳಿದು ಸೀದಾ ನಮ್ಮ ಕಡೆಗೆ ಬಂದ.

“ಅವತ್ತು ಬರ್ತೇವೆ ಅಂತ ಹೇಳಿದ್ದು ಯಾರು?”

ಎಲ್ಲರೂ ಪ್ರಜ್ವಲನ ಕಡೆಗೆ ಬೆರಳು ತೋರಿಸಿದರು. ಹಾಗೆ ಬೆರಳು ತೋರಿಸುವುದು ಅಸಭ್ಯತೆ ಎಂದು ಫ್ಲೆಕ್ಸಿನಲ್ಲಿ ಬರೆದಿತ್ತು. ನಾನು ಮುಂದೆ ಬಂದು, “ಲೋಕಣ್ಣ, ಮಕ್ಕಳಿಗೆ ಗೊತ್ತಾಗಲಿಲ್ಲ. ಕಲಿಸಿದ್ದು ನಾನು, ಬೈಯುವುದಿದ್ದರೆ ನನಗೆ ಬೈ” ಎಂದೆ.

ಲೋಕಣ್ಣ ನನ್ನ ಕಡೆ ನೋಡಲೇ ಇಲ್ಲ. ಪ್ರಜ್ವಲನನ್ನೇ ನೋಡಿ ಕೇಳಿದ, “ಹೇಳಿದ ಮೇಲೆ ಬರಬೇಕಲ್ಲವಾ? ಯಾಕೆ ಬರಲಿಲ್ಲ?”

ಯಾರಿಗೂ ಅರ್ಥವಾಗಲಿಲ್ಲ.

“ಅಮ್ಮ ದಿನಾ ಕೇಳ್ತಾರೆ” ಎಂದ ಲೋಕಣ್ಣ. “ಬಂದವರೆಲ್ಲ ಹೇಳದೆ ಎದ್ದು ಹೋದರು ಟೀಚರ್. ಕ್ರಮ ಹಾಗೆಯೇ, ಅವರದ್ದು ತಪ್ಪಲ್ಲ. ಆದರೆ ಮನೆ ಖಾಲಿಯಾಗುವಾಗ ಅಮ್ಮನಿಗೆ ಹೇಗಾಗಿರಬೇಡ? ‘ಇಷ್ಟು ಜನ ಬಂದರು, ಬರ್ತೇವೆ ಅಂದದ್ದು ಆ ಮಕ್ಕಳು ಮಾತ್ರ, ಯಾವಾಗ ಬರ್ತಾರೆ’ ಅಂತ ಕೇಳ್ತಾರೆ. ನಾನು ಎಂತ ಹೇಳಲಿ?” ಅಷ್ಟು ಹೇಳಿ, ತನ್ನ ಹಳೆಯ ಸ್ವರದಲ್ಲಿಯೇ ಕಿರುಚಿದ, “ಎಂತ ನೋಡುವುದು? ಹತ್ತಿ ಬೇಗ! ಬ್ಯಾಗು ಕೆಳಗೆ!”

ಆ ಶನಿವಾರ ಶಾಲೆ ಬಿಟ್ಟ ಮೇಲೆ ಅದೇ ಬಸ್ಸಿನಲ್ಲಿ ಕಮಲಕ್ಕನ ಮನೆಗೆ ಹೋದೆವು. ಅವರು ಅಂಗಳದಲ್ಲಿಯೇ ಕಾಯುತ್ತಿದ್ದರು. ಬೆಲ್ಲ ಹಾಕಿದ ಅವಲಕ್ಕಿ, ಚಹಾ, ಬಾಳೆಹಣ್ಣು. ಪ್ರಜ್ವಲ್ ಎರಡು ಸಲ ಕೇಳಿ ಹಾಕಿಸಿಕೊಂಡ, ಚೈತ್ರಾ ಕಮಲಕ್ಕನ ಬೀಡಿ ಸೂಪು, ಎಂದರೆ ಬೀಡಿ ಕಟ್ಟುವ ಮೊರ, ಮಡಿಲಲ್ಲಿಟ್ಟುಕೊಂಡು ಎಲೆ ಕತ್ತರಿಸಿ ಕೊಟ್ಟಳು. ಕಮಲಕ್ಕ ಗಂಡನ ಕೋಪದ ಕಥೆ ಹೇಳಿದರು, ಮಕ್ಕಳು ನಕ್ಕರು, ಅವರೂ ನಕ್ಕರು. ಸಭ್ಯತೆಯ ಯಾವ ನಿಯಮವೂ ಆ ಜಗಲಿಯಲ್ಲಿ ಪಾಲನೆಯಾಗಲಿಲ್ಲ.

ಹೊರಡುವಾಗ ಮಕ್ಕಳು ಅಂಗಳಕ್ಕೆ ಇಳಿದರು. ಅಭ್ಯಾಸ ಬಲದಿಂದ ತಿರುಗಿ ನಿಂತರು. ಆಮೇಲೆ ನನ್ನ ಮುಖ ನೋಡಿದರು, ನನ್ನ ನಿಯಮ ನೆನಪಾಯಿತು, ಒಬ್ಬೊಬ್ಬರೂ ತುಟಿ ಬಿಗಿ ಹಿಡಿದು ನಿಂತುಬಿಟ್ಟರು.

ಕಮಲಕ್ಕ ಜಗಲಿಯ ಕಂಬ ಹಿಡಿದುಕೊಂಡು ಒಬ್ಬೊಬ್ಬರ ಮುಖವನ್ನೂ ನೋಡಿದರು. ಅವರ ಸ್ವರ ಸಣ್ಣದಾಗಿತ್ತು.

“ಎಂತ ಮಕ್ಕಳೇ, ಇನ್ನು ಬರುವುದಿಲ್ಲವಾ?”